‘ಇಟ್ ಈಸ್ ಐ’ ಸರಿಯೋ, ‘ಇಟ್ ಈಸ್ ಮಿ’ ಸರಿಯೋ?

ಬಾಗಿಲು ತಟ್ಟಿದವರು ಯಾರೆಂದು ಇಂಗ್ಲಿಷಿನಲ್ಲಿ ಕೇಳಿದರೆ ಬಹುತೇಕರು ಕೊಡುವ ಉತ್ತರ ‘ಇಟ್ಸ್ ಮಿ’. ಇದೇ ಉತ್ತರವನ್ನು ವ್ಯಾಕರಣದ ಪ್ರಶ್ನೆಪತ್ರಿಕೆಯಲ್ಲಿ ಬರೆದರೆ ಅಂಕ ಕೈತಪ್ಪಬಹುದು. ಅಲ್ಲಿ ಸಾಮಾನ್ಯವಾಗಿ ನಿರೀಕ್ಷಿಸುವುದು ‘ಇಟ್ ಈಸ್ ಐ’. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರನ್ನೂ ಕಚೇರಿ ಪತ್ರ ಸಿದ್ಧಪಡಿಸುವವರನ್ನೂ ಕಾಡುವ ಗೊಂದಲವಿದು.

ನಿಯಮ ಏನು?

ಆಮ್, ಈಸ್, ಆರ್, ವಾಸ್, ವರ್ ಮುಂತಾದ ಕ್ರಿಯಾಪದಗಳು ಕರ್ತೃವನ್ನು ಅದರ ಗುರುತು ಹೇಳುವ ಪದದೊಂದಿಗೆ ಜೋಡಿಸುತ್ತವೆ. ಇವುಗಳಿಗೆ ಲಿಂಕಿಂಗ್ ವರ್ಬ್ ಎಂದು ಹೆಸರು. ‘ಶಿ ಸಾ ಹಿಮ್’ ಎಂಬಲ್ಲಿ ನೋಡುವ ಕ್ರಿಯೆಗೆ ‘ಹಿಮ್’ ಕರ್ಮಪದ. ‘ಇಟ್ ವಾಸ್ ಹಿ’ ಎಂಬಲ್ಲಿ ಕರ್ಮಪದವೇ ಇಲ್ಲ. ಕ್ರಿಯಾಪದದ ಎರಡೂ ಬದಿಯಲ್ಲಿರುವುದು ಒಬ್ಬನೇ ವ್ಯಕ್ತಿ. ಆದ್ದರಿಂದ ಸಾಂಪ್ರದಾಯಿಕ ವ್ಯಾಕರಣವು ಇಲ್ಲಿ ಐ, ಹಿ, ಶಿ, ವಿ, ದೇ ರೂಪಗಳನ್ನೇ ವಿಧಿಸುತ್ತದೆ.

ಕನ್ನಡಿಗರಿಗೆ ಈ ತರ್ಕ ಹೊಸದಲ್ಲ. ‘ಬಂದವನು ನಾನು’ ಎನ್ನುತ್ತೇವೆಯೇ ಹೊರತು ‘ಬಂದವನು ನನ್ನನ್ನು’ ಎನ್ನುವುದಿಲ್ಲ. ಕನ್ನಡದ ಪ್ರಥಮಾ ವಿಭಕ್ತಿಯನ್ನು ನೆನೆದರೆ ಪರೀಕ್ಷೆಯ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಹಳೆಯ ವಿವಾದ

ಇಂಗ್ಲಿಷಿನಲ್ಲಿ ಕರ್ಮಪದದ ಸ್ಥಾನ ಕ್ರಿಯಾಪದದ ನಂತರ. ಅದೇ ಸ್ಥಾನದಲ್ಲಿ ಬರುವ ಸರ್ವನಾಮವೂ ಆಡುಮಾತಿನಲ್ಲಿ ‘ಮಿ’ ಆಯಿತು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ‘ಐ’ ರೂಪವನ್ನೇ ಎತ್ತಿಹಿಡಿದರು. ಆಮ್ಲಜನಕದ ಸಂಶೋಧನೆಗೆ ಹೆಸರಾದ ಜೋಸೆಫ್ ಪ್ರೀಸ್ಟ್ಲಿಯವರೂ ವ್ಯಾಕರಣ ಬರೆದಿದ್ದರು. ಬಳಕೆಯಲ್ಲಿರುವ ಮಾತು ಮತ್ತು ಉತ್ತಮ ಲೇಖಕರ ರೂಢಿ ಇದಕ್ಕೆ ವಿರುದ್ಧವಾದ ನಿಯಮದತ್ತ ಬೊಟ್ಟು ಮಾಡುತ್ತವೆ ಎಂಬುದು ಅವರ ವಾದವಾಗಿತ್ತು. ಇಂದಿನ ವ್ಯಾಕರಣ ಗ್ರಂಥಗಳು ಆಡುಮಾತಿನ ‘ಇಟ್ಸ್ ಮಿ’ಯನ್ನು ತಪ್ಪೆಂದು ಎಣಿಸುವುದಿಲ್ಲ.

ಎಲ್ಲಿ ಯಾವುದು?

* ಮಾತುಕತೆ, ದೂರವಾಣಿಯಲ್ಲಿ ‘ಇಟ್ಸ್ ಮಿ’ ಸಹಜ. ‘ಇಟ್ ಈಸ್ ಐ’ ಕೃತಕವೆನಿಸೀತು.

* ಪರೀಕ್ಷೆಯಲ್ಲಿ ‘ಇಟ್ ಈಸ್ ಐ’, ‘ಇಟ್ ವಾಸ್ ಶಿ’ ಎಂದೇ ಬರೆಯುವುದು ಕ್ಷೇಮ.

* ಔಪಚಾರಿಕ ಬರವಣಿಗೆಯಲ್ಲಿ ‘ಹೂ’ ಮುಂದುವರಿದರೆ ಎಚ್ಚರ ಬೇಕು: ‘ಇಟ್ ವಾಸ್ ಹಿ ಹೂ ಸೈನ್ಡ್’. ‘ಐ’ ಬಂದಾಗ ಮುಂದಿನ ಕ್ರಿಯಾಪದವೂ ಅದನ್ನೇ ಅನುಸರಿಸಬೇಕು: ‘ಇಟ್ ಈಸ್ ಐ ಹೂ ಆಮ್ ರೆಸ್ಪಾನ್ಸಿಬಲ್’.

* ‘ಐ’ ಹೆಚ್ಚು ಶಿಷ್ಟವೆಂದು ಭಾವಿಸಿ ‘ಬಿಟ್ವೀನ್ ಯು ಅಂಡ್ ಐ’ ಎನ್ನುವವರೂ ಇದ್ದಾರೆ. ಅಲ್ಲಿ ಲಿಂಕಿಂಗ್ ವರ್ಬ್ ಇಲ್ಲ. ‘ಬಿಟ್ವೀನ್’ ನಂತರ ‘ಮಿ’ಯೇ ಸರಿ.

ಅನುಮಾನ ಬಂದಾಗ ವಾಕ್ಯವನ್ನು ತಿರುಗಿಸಿ ನೋಡಿ. ‘ದ ವಿನ್ನರ್ ವಾಸ್ ಶಿ’ ಎಂಬುದು ‘ಶಿ ವಾಸ್ ದ ವಿನ್ನರ್’ ಆಗುತ್ತದೆ. ‘ಹರ್ ವಾಸ್ ದ ವಿನ್ನರ್’ ಎಂದು ಯಾವ ಪರೀಕ್ಷಾರ್ಥಿಯೂ ಬರೆಯಲಾರ.