ಮೊದಲ ಕೋವಿಗೆ ಕೆನ್ನೆಯೇ ಅಳತೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಭಾನುವಾರ ಬೆಳಗ್ಗೆ ಈಡಿನ ಸದ್ದು ಕೇಳಿದರೆ ಅದು ಫೆಸೆಂಟ್ ಬೇಟೆಯಲ್ಲ. ಭಾನುವಾರ ಆ ಹಕ್ಕಿಯನ್ನು ಹೊಡೆಯಬಾರದೆಂದು 1831ರ ಕಾಯ್ದೆಯೇ ಹೇಳಿದೆ. ಅಲ್ಲಿ ಒಡೆಯುತ್ತಿರುವುದು ಡಾಂಬರಿನಂಥ ಪಿಚ್ಚಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಅಚ್ಚುಹಾಕಿದ ಅಂಗೈಯಗಲದ ಬಿಲ್ಲೆ. ಸ್ಪೋರ್ಟಿಂಗ್ ಕ್ಲೇಸ್ ಎಂಬ ಈ ಆಟ ಆಡುವವರು ಗಾಲ್ಫ್ ಆಟಗಾರರಂತೆ ಒಂದು ತಾಣದಿಂದ ಇನ್ನೊಂದಕ್ಕೆ ನಡೆಯುತ್ತಾರೆ. ಒಂದು ಕಡೆ ಬಿಲ್ಲೆ ನೆತ್ತಿಯ ಮೇಲೆ ಹಾಯುತ್ತದೆ, ಮತ್ತೊಂದು ಕಡೆ ನೆಲದ ಮೇಲೆ ಪುಟಿಯುತ್ತ ಉರುಳುತ್ತದೆ.

ಹಿಂದೆ ಬಿಲ್ಲೆಯ ಜಾಗದಲ್ಲಿ ಜೀವಂತ ಪಾರಿವಾಳಗಳಿದ್ದವು. ಆಮೇಲೆ ಗಾಜಿನ ಚೆಂಡು ಬಂತು. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ ಮಣ್ಣಿನ ಬಿಲ್ಲೆಗೆ ಪೇಟೆಂಟ್ ಪಡೆದ. ಸುಟ್ಟ ಮಣ್ಣು ಚರೆ ತಾಗಿದರೂ ಸುಲಭಕ್ಕೆ ಒಡೆಯದ್ದರಿಂದ ಪಿಚ್ಚು ಬಳಕೆಗೆ ಬಂತು. ಹಿಡಿದಿಟ್ಟ ಹಕ್ಕಿಗಳನ್ನು ಹಾರಿಬಿಟ್ಟು ಹೊಡೆಯುವುದನ್ನು ಬ್ರಿಟನ್ 1921ರಲ್ಲಿ ನಿಷೇಧಿಸಿತು.

ನಮ್ಮ ಕೊಡಗಿನ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುರಿ ಇಡುತ್ತಾರಲ್ಲ, ಅಲ್ಲಿ ಉಸಿರು ಬಿಗಿಹಿಡಿದು ನಳಿಗೆಯ ತುದಿಯನ್ನೂ ಕಾಯಿಯನ್ನೂ ಒಂದೇ ಗೆರೆಗೆ ತರಲು ವ್ಯವಧಾನವಿರುತ್ತದೆ. ಹಾರುವ ಬಿಲ್ಲೆ ಅಷ್ಟು ಹೊತ್ತು ಕೊಡುವುದಿಲ್ಲ. ನೋಟ ಅದರ ಮೇಲೇ ಇರಬೇಕು, ಕೋವಿ ತಾನಾಗಿ ನೋಟದ ದಾರಿಗೆ ಬರಬೇಕು. ರೈಫಲ್‌ಗಿರುವ ಹಿಂದಿನ ಗುರಿಕಿಂಡಿ ಶಾಟ್‌ಗನ್ನಿಗಿಲ್ಲ, ಆ ಕೆಲಸ ಮಾಡುವುದು ಹೊಡೆಯುವವರ ಕಣ್ಣೇ. ಆ ಕಣ್ಣು ಎಲ್ಲಿರುತ್ತದೆ ಎಂಬುದು ಕೆನ್ನೆ ಮರದ ಹಿಡಿಯ ಮೇಲೆ ಎಲ್ಲಿ ಕೂರುತ್ತದೆ ಎನ್ನುವುದರ ಮೇಲೆ ನಿಂತಿದೆ. ಕಂಪನಿ, ಕೆತ್ತನೆ, ವಾಲ್ನಟ್ ಮರದ ಹೊಳಪು ಎಲ್ಲ ಆಮೇಲಿನ ಮಾತು.

ಶೂಟಿಂಗ್ ಸ್ಕೂಲುಗಳಲ್ಲಿ ಇದನ್ನು ಅಳೆಯಲು ಬಿಳಿ ಬಳಿದ ಉಕ್ಕಿನ ಹಲಗೆ ಇರುತ್ತದೆ. ಹದಿನಾರು ಗಜ ದೂರ ನಿಂತು, ನಡುವಿನ ಚುಕ್ಕಿಯನ್ನಷ್ಟೇ ನೋಡುತ್ತ, ಗುರಿ ಹೊಂದಿಸದೆ ಕೋವಿ ಎತ್ತಿದ್ದೇ ಹಾರಿಸಬೇಕು. ಹಾಗೆ ಹಲವು ಈಡು. ಚರೆಯ ಗುಂಪು ಪ್ರತಿಸಲ ಒಂದು ಅಂಗುಲ ಎಡಕ್ಕೆ ಬಿದ್ದರೆ ಹಿಡಿಯನ್ನು ಅಂಗುಲದ ಹದಿನಾರನೇ ಒಂದು ಪಾಲು ತಿದ್ದಿಸಬೇಕು. ಕಣ್ಣಿನಿಂದ ನಳಿಗೆಯ ಬಾಯಿಗೆ ಸುಮಾರು ಒಂದು ಗಜ, ಹಲಗೆಗೆ ಹದಿನಾರು: ಲೆಕ್ಕ ಅಷ್ಟೇ.

ಅದಕ್ಕೂ ಮೊದಲು ಯಾವ ಕಣ್ಣಿನದು ಯಜಮಾನಿಕೆ ಎಂದು ತಿಳಿದಿರಬೇಕು. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ, ಎಡಗಣ್ಣು ಮುಚ್ಚಿ. ಬೆರಳು ಪಕ್ಕಕ್ಕೆ ಜಿಗಿದರೆ ಎಡಗಣ್ಣೇ ಯಜಮಾನ. ಬಲಭುಜದವರಿಗೆ ಇದು ತೊಡಕು. ಭುಜ ಬದಲಿಸಬೇಕು, ಇಲ್ಲವೇ ಕನ್ನಡಕದ ಎಡಗಾಜಿಗೆ ಚೂರು ಟೇಪು ಅಂಟಿಸಬೇಕು.

ಇಷ್ಟಾದ ಮೇಲೆ ಅಂಗಡಿಗೆ ಹೋಗಬಹುದು. 12 ಬೋರಿನ, ಒಂದರ ಮೇಲೊಂದು 30 ಅಂಗುಲದ ನಳಿಗೆಯಿರುವ ಕೋವಿಯನ್ನೇ ನಾನು ಮೊದಲು ಕೈಗೆತ್ತಿಕೊಳ್ಳಲು ಹೇಳುವುದು. ತೂಕ ಮೂರೂವರೆ ಕಿಲೋ ಆಸುಪಾಸು. ಅಂಗಡಿಯಲ್ಲಿ ಹಗುರ ಕೋವಿ ಹಿತವೆನಿಸುತ್ತದೆ. ನೂರು ತೋಟಾ ಹಾರಿಸುವಷ್ಟರಲ್ಲಿ ಅದರ ಒದೆತ ಭುಜಕ್ಕೆ ಗೊತ್ತಾಗುತ್ತದೆ. ಒದೆತ ತಾಳದವರಿಗೆ ಗ್ಯಾಸಿನ ಬಲದಿಂದ ನಡೆಯುವ ಸೆಮಿ ಆಟೊಮ್ಯಾಟಿಕ್ ಮೃದು. ಆದರೆ ಮಡಚಿ ತೆರೆದ ಜೋಡುನಳಿಗೆ ಖಾಲಿಯಿದೆಯೆಂದು ಪಕ್ಕದಲ್ಲಿದ್ದವರಿಗೂ ದೂರದಿಂದಲೇ ಕಾಣುತ್ತದೆ. ಹೊಸಬರ ಕೈಯಲ್ಲಿ ಅದು ದೊಡ್ಡ ಸಮಾಧಾನ.

ಕಂಪನಿಗಳಲ್ಲಿ ಬೆರೆಟಾ, ಬ್ರೌನಿಂಗ್, ಮಿರೋಕು ಮೂರೂ ನೆಚ್ಚಬಹುದಾದವು. ಬ್ರೌನಿಂಗ್ ಹೆಸರಿನ ಇಂಥ ಎಷ್ಟೋ ಕೋವಿಗಳು ತಯಾರಾಗುವುದೂ ಜಪಾನಿನ ಮಿರೋಕು ಕಾರ್ಖಾನೆಯಲ್ಲೇ.

ಹಳೆಯದು ಕೊಂಡರೆ ನಷ್ಟವಿಲ್ಲ, ಆದರೆ ಅಗ್ಗಕ್ಕೆ ಸಿಕ್ಕಿತೆಂದು ಟ್ರ್ಯಾಪ್ ಕೋವಿಯನ್ನು ತರಬೇಡಿ. ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರಲ್ಲಿ ಅಥೆನ್ಸ್‌ನಲ್ಲಿ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್‌ನಂಥ ಪಂದ್ಯಗಳಲ್ಲಿ ಬಿಲ್ಲೆ ಯಾವಾಗಲೂ ಏರುತ್ತ ದೂರ ಹೋಗುತ್ತದೆ. ಅಂಥ ಕೋವಿ ಸಾಮಾನ್ಯವಾಗಿ ತುಸು ಮೇಲಕ್ಕೇ ಹೊಡೆಯುತ್ತದೆ. ಇಳಿಯುವ, ಉರುಳುವ ಬಿಲ್ಲೆಗೆ ಅದು ಒಗ್ಗದು. ಯಾವ ಹಳೆಯ ಕೋವಿಯಾದರೂ ಕೊಳ್ಳುವ ಮುನ್ನ ನಳಿಗೆಯ ಕೆಳಗಿನ ಮುಂದಿನ ಮರವನ್ನು ಬಿಚ್ಚಿಟ್ಟು, ಕೋವಿಯನ್ನು ಮುಚ್ಚಿ, ಹಿಡಿಯ ಕತ್ತು ಹಿಡಿದು ಮೆಲ್ಲಗೆ ಅಲುಗಿಸಿ. ನಳಿಗೆ ಅಲುಗಾಡಿದರೆ ಬೆಲೆ ಎಷ್ಟೇ ಇಳಿದರೂ ಬೇಡ.