ಊರಂಚಿನ ಗುಳ್ಳೆನರಿ

ದುರ್ಗಸಿಂಹನ ಪಂಚತಂತ್ರವನ್ನು ಅನೇಕ ವರ್ಷ ಪಾಠ ಹೇಳಿದವನು ನಾನು. ಕರಟಕ ದಮನಕರ ಕುಯುಕ್ತಿಯನ್ನು ವಿವರಿಸುವಾಗಲೆಲ್ಲ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬಳಿಯ ನಮ್ಮ ಊರಿನಲ್ಲಿ ಸತ್ತ ಎರಡು ನರಿಗಳು ನೆನಪಿಗೆ ಬರುತ್ತಿದ್ದವು.

1970ರ ಸುಮಾರಿನ ಮಾತು. ದೊಡ್ಡಪ್ಪನವರ ರೊಪ್ಪದಿಂದ ಎರಡು ಕುರಿಮರಿಗಳು ಕಾಣೆಯಾದವು. ಅವರು ಮಾಂಸಕ್ಕೆ ಎಂಡ್ರಿನ್ ಸವರಿ ಮೆಳೆಯ ಬಳಿ ಇಟ್ಟರು. ಬೆಳಗಾಗುವಾಗ ಎರಡು ಗುಳ್ಳೆನರಿಗಳು ಸತ್ತು ಬಿದ್ದಿದ್ದವು. ಜೊತೆಗೆ ನಮ್ಮ ಮನೆಯ ನಾಯಿಯೂ. ಮರುವರ್ಷದ ಸುಗ್ಗಿಯ ಹೊತ್ತಿಗೆ ಅದೇ ಮೆಳೆಯಿಂದ ಮತ್ತೊಂದು ಜೋಡಿಯ ಊಳು ಕೇಳಿಸಿತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗುಳ್ಳೆನರಿ ಜೋಡಿಯಾಗಿ ಬಾಳುತ್ತ ತನ್ನ ಎಲ್ಲೆಯನ್ನು ಕಾಯುವ ಪ್ರಾಣಿ. ಸಂಜೆಯ ಊಳು ಆ ಎಲ್ಲೆಯನ್ನು ಸಾರುವ ಡಂಗುರ. ಜೋಡಿ ಸತ್ತು ಎಲ್ಲೆ ಬರಿದಾದರೆ, ನೆಲೆ ಅರಸುತ್ತ ಅಲೆಯುವ ಪ್ರಾಯದ ನರಿಗಳು ಬಂದು ಸೇರುತ್ತವೆ. ಅದರ ದಾಯಾದಿಯಾದ ಅಮೆರಿಕದ ಕಯೋಟಿಯ ಕಥೆಯೂ ಇದೇ. ಅಲ್ಲಿ ಸರ್ಕಾರವೇ ನೂರು ವರ್ಷಕ್ಕೂ ಮಿಕ್ಕಿ ಬಂದೂಕು, ಬೋನು, ವಿಷಗಳಿಂದ ಅದನ್ನು ಕೊಲ್ಲಿಸಿತು. ಆದರೂ ಅದು ಪಶ್ಚಿಮದ ಬಯಲುಗಳಿಂದ ಅಟ್ಲಾಂಟಿಕ್ ತೀರದವರೆಗೆ ಹಬ್ಬಿತು. ತೋಳಗಳನ್ನು ಅಳಿಸಿದ್ದು ಅದಕ್ಕೆ ದಾರಿ ತೆರೆಯಿತು. ಸಂಖ್ಯೆ ಕುಗ್ಗಿದ ಕಡೆ ಉಳಿದವುಗಳಿಗೆ ಆಹಾರ ಯಥೇಚ್ಛವಾಗಿ, ಅವು ಹೆಚ್ಚು ಮರಿ ಹಾಕುವುದುಂಟು.

ಗುಳ್ಳೆನರಿ ಜಿಂಕೆಗಳನ್ನು ಮುಗಿಸಿಬಿಡುತ್ತದೆಂಬ ದೂರೂ ಇದೆ. ಮಧುಗಿರಿ ತಾಲ್ಲೂಕಿನಲ್ಲಿ 2007ರಲ್ಲಿ ಘೋಷಿತವಾದ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶದಂಥ ಬಯಲುಗಳಲ್ಲಿ, ತಾಯಿ ಹುಲ್ಲಿನಲ್ಲಿ ಅಡಗಿಸಿಟ್ಟ ಎಳೆಮರಿ ಗುಳ್ಳೆನರಿಯ ಕಣ್ಣಿಗೆ ಬಿದ್ದರೆ ಉಳಿಯುವುದು ಕಷ್ಟ. ಆದರೆ ಬೆಳೆದ ಕೃಷ್ಣಮೃಗದ ಓಟಕ್ಕೆ ಅದು ಸಾಟಿಯಲ್ಲ. ಅದರ ಹೊಟ್ಟೆ ಬಹುಮಟ್ಟಿಗೆ ತುಂಬುವುದು ಇಲಿ, ಎಲಚಿಹಣ್ಣು, ಸತ್ತ ದನಗಳಿಂದ.

ಹಾಗೆಂದು ಕುರಿಗಾಹಿಯ ನಷ್ಟವನ್ನು ಅಲ್ಲಗಳೆಯಲಾಗದು. ದೊಡ್ಡಪ್ಪನವರು ವಿಷವನ್ನು ಮತ್ತೆ ಮುಟ್ಟಲಿಲ್ಲ. ರೊಪ್ಪದ ಮುಳ್ಳುಬೇಲಿಯನ್ನು ಎತ್ತರಿಸಿದರು, ಸತ್ತ ಕುರಿಗಳನ್ನು ಹೂಳಿಸಿದರು, ಕಾವಲಿಗೆ ನಾಯಿ ಸಾಕಿದರು. ಆಮೇಲೆ ಮರಿ ಹೋದದ್ದು ನನಗೆ ನೆನಪಿಲ್ಲ. ಇಂದಂತೂ ಗುಳ್ಳೆನರಿಯನ್ನು ಕೊಲ್ಲುವುದು ಅಪರಾಧ. 2022ರ ತಿದ್ದುಪಡಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ ಸೇರಿಸಿದೆ.

ಆದರೆ ತುಮಕೂರು, ಹಾಸನದ ಹೆದ್ದಾರಿಗಳು ಕವಲೊಡೆಯುವ ನೆಲಮಂಗಲದ ಸುತ್ತ ಈಗ ಗೋದಾಮುಗಳು, ಬಡಾವಣೆಗಳು ಎದ್ದಿವೆ. ನಮ್ಮ ಊರಿನ ಆ ಮೆಳೆಯೂ ಇಲ್ಲ. ವಿಷಕ್ಕೆ ಬಗ್ಗದ ಊಳು, ಮೆಳೆ ಹೋದಮೇಲೆ ನಿಂತುಹೋಯಿತು. ಬೆಳಗಾಗೆದ್ದು ನರಿಯ ಮುಖ ಕಂಡರೆ ಶುಭವೆಂದು ನಂಬಿದ್ದ ಹಿರಿಯರು, ಅದಕ್ಕೊಂದಿಷ್ಟು ಬೀಳುನೆಲವನ್ನೂ ಬಿಟ್ಟಿದ್ದರು. ನಾವು ನಂಬಿಕೆಯನ್ನು ಬಿಡಬಹುದು. ಆ ನೆಲವನ್ನಾದರೂ ಉಳಿಸಿಕೊಳ್ಳಬೇಕು.