ಹತ್ತರಲ್ಲೊಂದು ಪಾಲು ಜಿಪ್ಸಿ

ಮಾರುತಿ ಜಿಪ್ಸಿಯ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2375 ಮಿಲಿಮೀಟರ್. ಹತ್ತರಿಂದ ಭಾಗಿಸಿದರೆ 237.5. ಅಂಗಳದಲ್ಲಿ ನಿಂತಿರುವ ತನ್ನದೇ ಜಿಪ್ಸಿಯ ಪುಟ್ಟ ಪ್ರತಿರೂಪ ಬೇಕು, ಅದು ರಿಮೋಟಿನಲ್ಲಿ ಓಡಬೇಕು, ಕಲ್ಲು ಹತ್ತಬೇಕು ಎಂದು ಹೊರಟವನ ತಲೆನೋವು ಶುರುವಾಗುವುದು ಈ ಸಂಖ್ಯೆಯಿಂದಲೇ. ಹವ್ಯಾಸಿಗಳ ಅಂಗಡಿಯಲ್ಲಿ 1:10 ಎಂದು ಸಿಗುವ ಸಿದ್ಧ ಚಾಸಿಗಳಲ್ಲಿ ಬಹಳಷ್ಟರಲ್ಲಿ ಈ ದೂರ, ಅಂದರೆ ಚಕ್ರಾಂತರ, 313 ಮಿ.ಮೀ. ಆಸುಪಾಸು. ಅದರ ಮೇಲೆ ಜಿಪ್ಸಿಯ ಬಾಡಿ ಇಟ್ಟರೆ ಅಪ್ಪನ ಚಪ್ಪಲಿಯಲ್ಲಿ ಮಗು ಕಾಲಿಟ್ಟ ಹಾಗೆ ಕಾಣುತ್ತದೆ. ಚಾಸಿಗೆ ಸರಿಹೋಗಲಿ ಎಂದು ಬಾಡಿಯನ್ನು ಎಳೆದರೆ ಅದು ಜಿಪ್ಸಿಯೇ ಅಲ್ಲ.

ಪೆಟ್ಟಿಗೆಯ ಮೇಲೆ ಅಚ್ಚಾದ 1:10ನ್ನು ಪೂರ್ತಿ ನಂಬುವಂತಿಲ್ಲ ಎಂಬುದು ಈ ಕಸುಬಿನ ಮೊದಲ ಪಾಠ. ಅಮೆರಿಕದ ಟ್ರಾಕ್ಸಾಸ್ ಕಂಪನಿ 2017ರಲ್ಲಿ ತಂದ ಟಿಆರ್‌ಎಕ್ಸ್-4 ಎಂಬ ಹೆಸರಾಂತ ಗಾಡಿ ಲ್ಯಾಂಡ್ ರೋವರ್ ಡಿಫೆಂಡರಿನ ರೂಪದ್ದು. ಅದರ ಚಕ್ರಾಂತರ 324 ಮಿ.ಮೀ. ಅಸಲಿ ಡಿಫೆಂಡರ್ 110ರದ್ದು 110 ಇಂಚು, ಅಂದರೆ 2794 ಮಿ.ಮೀ. ಲೆಕ್ಕಕ್ಕೆ 279 ಇರಬೇಕಾದದ್ದು 324 ಆಗಿದೆ. ಕಂಪನಿಯವರಿಗೆ ಲೆಕ್ಕ ಬಾರದೆ ಹೀಗಾದದ್ದಲ್ಲ. ಉದ್ದ ಗಾಡಿ ಏರಿನಲ್ಲಿ ಸುಲಭಕ್ಕೆ ಹಿಂದಕ್ಕೆ ಮಗುಚುವುದಿಲ್ಲ, ಕಲ್ಲಿನ ಮೇಲೆ ಸ್ಥಿರವಾಗಿ ನಿಲ್ಲುತ್ತದೆ. ನೋಟಕ್ಕೂ ಓಟಕ್ಕೂ ಜಗಳ ಬಂದಾಗ ಅವರು ಓಟದ ಪಕ್ಷ ವಹಿಸಿದರು, ಅಷ್ಟೆ. ಸ್ವಂತ ಗಾಡಿಯನ್ನು ಕಟ್ಟುವವನಿಗೂ ಈ ಜಗಳ ತಪ್ಪಿದ್ದಲ್ಲ. ಎಲ್ಲಿ ಅಳತೆಗೆ ನಿಷ್ಠನಾಗಿರಬೇಕು, ಎಲ್ಲಿ ಕಣ್ಣಿಗೆ ಗೊತ್ತಾಗದಂತೆ ಸುಳ್ಳು ಹೇಳಬೇಕು ಎಂದು ಪ್ರತಿ ಭಾಗಕ್ಕೂ ತೀರ್ಮಾನಿಸುವುದರಲ್ಲಿಯೇ ಈ ಕಲೆಯ ಹೆಚ್ಚಿನ ಪಾಲು ಇದೆ ಎಂಬುದು ನನ್ನ ಅಭಿಪ್ರಾಯ.

ಈ ಹವ್ಯಾಸಕ್ಕೆ ಅರ್ಧ ಶತಮಾನದ ಚರಿತ್ರೆಯಿದೆ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ಕಾರಿನ 1:12 ಮಾದರಿಯನ್ನು ರೇಡಿಯೊ ನಿಯಂತ್ರಣದ ಕಿಟ್ ಆಗಿ ಮಾರುಕಟ್ಟೆಗೆ ಬಿಟ್ಟಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು 1981ರ ಟೊಯೊಟಾ ಹೈಲಕ್ಸ್. ಲೋಹದ ಏಣಿ ಚಾಸಿ, ನಾಲ್ಕು ಚಕ್ರಕ್ಕೂ ಶಕ್ತಿ, ಲೀಫ್ ಸ್ಪ್ರಿಂಗು, ರಿಮೋಟಿನಿಂದಲೇ ಬದಲಿಸಬಹುದಾದ ಮೂರು ಗೇರು. ಹೊರಗಿನ ರೂಪದ ಜೊತೆಗೆ ಒಳಗಿನ ಯಂತ್ರವೂ ಅಸಲಿಯ ಹಾಗೆಯೇ ಕೆಲಸ ಮಾಡಬೇಕೆಂಬ ಹಟ ಅಲ್ಲಿ ಮೊಳೆಯಿತು. ಇಂದು ಇಂಥ ಗಾಡಿಗಳಿಗೆ ಸ್ಕೇಲ್ ಕ್ರಾಲರ್ ಎಂಬ ಹೆಸರು. ರೇಸಿನ ರಿಮೋಟ್ ಕಾರುಗಳ ಹಾಗೆ ಇವು ಓಡುವುದಿಲ್ಲ. ನಡೆಯುವವರ ವೇಗಕ್ಕಿಂತಲೂ ನಿಧಾನವಾಗಿ ಕಲ್ಲು, ಬೇರು, ಹಳ್ಳ ದಾಟುತ್ತವೆ.

ಜಿಪ್ಸಿಗೇ ಬರೋಣ. ಮಾರುತಿ ಅದನ್ನು ಭಾರತಕ್ಕೆ ತಂದದ್ದು 1985ರ ಕೊನೆಗೆ. 970 ಸಿಸಿ ಎಂಜಿನ್ ಹೋಗಿ 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. 2019ರಲ್ಲಿ ಸಾರ್ವಜನಿಕರಿಗೆ ಮಾರಾಟ ನಿಂತಿತು. ಸೇನೆ, ಪೊಲೀಸು, ಅರಣ್ಯ ಸಫಾರಿ, ರ್‍ಯಾಲಿ ಎಲ್ಲ ಕಡೆ ದುಡಿದ ಈ ಗಾಡಿ ಕೊಡಗು, ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಮಹೀಂದ್ರಾ ಜೀಪಿನ ಪಕ್ಕ ಇಂದೂ ನಿಂತಿರುತ್ತದೆ. ಇದರ ಅಣ್ಣತಮ್ಮಂದಿರು ಹೊರದೇಶಗಳಲ್ಲಿ ಸುಜುಕಿ ಸಮುರಾಯ್, ಜಿಮ್ನಿ ಎಂಬ ಹೆಸರಿನಲ್ಲಿದ್ದಾರೆ. ಅವುಗಳ ಪ್ಲಾಸ್ಟಿಕ್ ಬಾಡಿಗಳು ಹವ್ಯಾಸಿಗಳ ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೆ ಗಿಡ್ಡ ಸಮುರಾಯ್‌ನ ಚಕ್ರಾಂತರ 2030 ಮಿ.ಮೀ. ಮಾತ್ರ. ಮೂತಿ ನಮ್ಮದೇ, ಬಾಗಿಲಿನ ಹಿಂದಿನ ಮೈ ಮಾತ್ರ ಸಾಲದು. 1:10ರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಕೊರತೆ. ಹಾಗಾಗಿ ಜಿಪ್ಸಿ ಬೇಕಾದವನು ಹಿಂಭಾಗವನ್ನು ತಾನೇ ಕಟ್ಟಿಕೊಳ್ಳಬೇಕು, ಇಲ್ಲವೇ ಇಡೀ ಗಾಡಿಯನ್ನು.

ಕಟ್ಟುವ ಮೊದಲು ಅಳತೆ. ಟೇಪು, ವರ್ನಿಯರ್ ಕ್ಯಾಲಿಪರ್, ಗ್ರಾಫ್ ಕಾಗದ. ಫೋಟೊ ತೆಗೆಯುವಾಗ ಗಾಡಿಯ ಹತ್ತಿರ ನಿಲ್ಲಬಾರದು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂತಿ ಉಬ್ಬಿ ಹಿಂಭಾಗ ಕುಗ್ಗಿರುತ್ತದೆ, ಅದನ್ನು ನಂಬಿ ಕತ್ತರಿಸಿದ ಹಾಳೆ ಎಲ್ಲೂ ಕೂಡುವುದಿಲ್ಲ. ದೂರ ನಿಂತು, ಜೂಮ್ ಮಾಡಿ, ನೇರ ಪಕ್ಕದಿಂದ, ನೇರ ಎದುರಿನಿಂದ ತೆಗೆಯಬೇಕು. ಆಮೇಲೆ ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದದಲ್ಲಿ ಒಂದು ಕಚ್ಚಾ ಗಾಡಿ. ತಪ್ಪುಗಳೆಲ್ಲ ಈ ಕಾಗದದ ಗಾಡಿಯಲ್ಲೇ ಮುಗಿದರೆ ಪ್ಲಾಸ್ಟಿಕ್ ಹಾಳೆಯ ದುಡ್ಡು ಉಳಿಯುತ್ತದೆ.

ಬಾಡಿಗೆ ಹೆಚ್ಚಿನವರು ಬಳಸುವುದು ಸ್ಟೈರೀನ್ ಹಾಳೆ. ಚಾಕುವಿನಿಂದ ಗೀರಿ ಬಾಗಿಸಿದರೆ ಗೀರಿದ ಕಡೆ ನೇರವಾಗಿ ಮುರಿಯುತ್ತದೆ. ಇದಕ್ಕೆ ಹಾಕುವ ನೀರಿನಂಥ ಅಂಟು ಪ್ಲಾಸ್ಟಿಕನ್ನೇ ಕರಗಿಸಿ ಒಂದನ್ನೊಂದು ಬೆಸೆಯುತ್ತದೆ. (ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಅದರ ಆವಿ ತಲೆಗೆ ಒಳ್ಳೆಯದಲ್ಲ.) ನೆರೆಯ ಕೇರಳದಲ್ಲಿ ಫೋಮ್ ಶೀಟು ಕತ್ತರಿಸಿ ಬಸ್ಸು, ಲಾರಿಗಳ ಮಾದರಿ ಮಾಡುವ ಯುವಕರ ದೊಡ್ಡ ಪಡೆಯೇ ಇದೆ; ಆ ಹಾಳೆ ಅಗ್ಗ, ಹಗುರ, ಆದರೆ ಕಲ್ಲಿಗೆ ಉರುಳಿ ಬೀಳುವ ಗಾಡಿಗೆ ಮೆತ್ತಗಾಯಿತು. ಜಿಪ್ಸಿಯ ಪುಣ್ಯವೆಂದರೆ ಅದರ ಮೈ ಬಹುಪಾಲು ಚಪ್ಪಟೆ. ಹಳೆಯ ಮಹೀಂದ್ರಾ ಜೀಪಿನದ್ದೂ ಹಾಗೆಯೇ. 2020ರ ಹೊಸ ಥಾರ್ ಕಟ್ಟುವವನು ಅದರ ಉಬ್ಬುತಗ್ಗುಗಳಿಗೆ ತ್ರೀಡಿ ಪ್ರಿಂಟರಿನ ಮೊರೆ ಹೋಗುವುದೇ ವಾಸಿ. ಪ್ರಿಂಟರಿನಿಂದ ಬಂದದ್ದನ್ನು ನೇರ ಬಣ್ಣಕ್ಕೆ ಕೊಡಲಾಗದು. ಪದರಗಳ ಗೆರೆ ಹೋಗುವ ತನಕ ಪುಟ್ಟಿ ಹಚ್ಚಿ ಉಪ್ಪುಕಾಗದದಲ್ಲಿ ಉಜ್ಜುವ ಕೆಲಸ ಟಿಂಕರಿಂಗ್ ಶೆಡ್ಡಿನವರದ್ದಕ್ಕಿಂತ ಕಡಿಮೆಯೇನಲ್ಲ.

ಮೊದಲ ಸುಳ್ಳು ಇಲ್ಲಿಯೇ. ಅಸಲಿ ಬಾಡಿಯ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ. ಹತ್ತರಲ್ಲೊಂದು ಎಂದರೆ ಕಾಗದದಷ್ಟು. ಅಷ್ಟು ತೆಳುವಾದದ್ದು ಒಂದು ಉರುಳಿಗೂ ಬಾಳುವುದಿಲ್ಲ. ಒಂದೂವರೆ ಮಿಲಿಮೀಟರ್ ಹಾಳೆ ಬಳಸಿ, ಚಕ್ರದ ಕಮಾನು, ಕಿಟಕಿಯ ಅಂಚು, ಬಾನೆಟ್ಟಿನ ತುದಿಗಳನ್ನು ಒಳಗಿನಿಂದ ಕೆರೆದು ಓರೆ ಮಾಡುತ್ತಾರೆ. ನೋಡುವವರಿಗೆ ಕಾಣುವುದು ಅಂಚು ಮಾತ್ರ. ಅಂಚು ತೆಳುವಾಗಿದ್ದರೆ ಇಡೀ ಹಾಳೆ ತೆಳುವೆಂದೇ ಕಣ್ಣು ನಂಬುತ್ತದೆ.

ಇನ್ನುಳಿದ ಸುಳ್ಳುಗಳನ್ನು ಹೇಳಿಸುವುದು ಭೌತಶಾಸ್ತ್ರ. ಗಾಡಿಯನ್ನು ಹತ್ತು ಪಟ್ಟು ಕುಗ್ಗಿಸಬಹುದು, ಭೂಮಿಯ ಸೆಳೆತವನ್ನು ಕುಗ್ಗಿಸಲಾಗದು. ಉದ್ದ ಹತ್ತು ಪಟ್ಟು ಇಳಿದರೆ ತೂಕ ಸಾವಿರ ಪಟ್ಟು ಇಳಿಯಬೇಕು. ಸುಮಾರು 985 ಕಿಲೋ ತೂಗುವ ಜಿಪ್ಸಿಯ ಪ್ರತಿರೂಪ ಒಂದು ಕಿಲೋಗಿಂತ ತುಸು ಕಡಿಮೆ ತೂಗಬೇಕು. ಮೋಟಾರು, ಬ್ಯಾಟರಿ, ಲೋಹದ ಆಕ್ಸಲ್ ಎಲ್ಲ ಸೇರಿ ಅದು ಎರಡು ಕಿಲೋ ದಾಟುವುದು ಸಾಮಾನ್ಯ. ಇದರಿಂದ ದುಃಖಪಡಬೇಕಾಗಿಲ್ಲ. ಹೆಚ್ಚುವರಿ ತೂಕ ಎಲ್ಲಿದೆ ಎಂಬುದು ಮುಖ್ಯ. ಚಕ್ರದೊಳಗೆ, ಆಕ್ಸಲ್ಲಿನ ಮೇಲೆ ಹಿತ್ತಾಳೆಯ ತುಂಡುಗಳನ್ನು ಬೇಕೆಂದೇ ಸೇರಿಸಿ ಭಾರವನ್ನು ನೆಲದ ಹತ್ತಿರಕ್ಕೆ ತರುತ್ತಾರೆ. ಮೇಲಿನ ಕ್ಯಾರಿಯರಿನಲ್ಲಿ ಸ್ಟೆಪ್ನಿ, ಡೀಸೆಲ್ ಕ್ಯಾನು, ಗುದ್ದಲಿ ಎಂದು ಒಪ್ಪಓರಣವಾಗಿ ಜೋಡಿಸಿ ಮೊದಲ ಏರಿನಲ್ಲೇ ಮಗುಚಿಕೊಳ್ಳುವ ಗಾಡಿಗಳಿಗೇನೂ ಬರವಿಲ್ಲ.

ಲೀಫ್ ಸ್ಪ್ರಿಂಗಿನದ್ದು ಇನ್ನೂ ಸ್ವಾರಸ್ಯದ ಕಥೆ. ಅಸಲಿ ಜಿಪ್ಸಿಗೆ ನಾಲ್ಕೂ ಮೂಲೆಯಲ್ಲಿ ಲೀಫ್ ಸ್ಪ್ರಿಂಗು. ಅದೇ ಉಕ್ಕಿನಲ್ಲಿ, ಅದೇ ಸಂಖ್ಯೆಯ ಪಟ್ಟಿಗಳನ್ನು ಕರಾರುವಾಕ್ಕಾಗಿ ಹತ್ತರಲ್ಲೊಂದಕ್ಕೆ ಇಳಿಸಿ ಹಾಕಿದರೆ ಅವು ಅಲುಗುವುದೇ ಇಲ್ಲ. ಸ್ಪ್ರಿಂಗಿನ ಬಿರುಸು ಹತ್ತು ಪಟ್ಟು ಮಾತ್ರ ಇಳಿದಿರುತ್ತದೆ, ಮೇಲಿನ ಭಾರ ಸಾವಿರ ಪಟ್ಟು. ಹಾಗಾಗಿ ಬಾಗಬೇಕಾದ ಲೆಕ್ಕಕ್ಕಿಂತ ಹತ್ತು ಪಟ್ಟು ಕಡಿಮೆ ಬಾಗುತ್ತವೆ. ಪರಿಹಾರವಾಗಿ ತೆಳುವಾದ ಒಂದೋ ಎರಡೋ ಉಕ್ಕಿನ ಪಟ್ಟಿ ಉಳಿಸಿಕೊಂಡು, ಕೆಳಗಿನವನ್ನು ನೋಟಕ್ಕಷ್ಟೇ ಪ್ಲಾಸ್ಟಿಕ್‌ನಲ್ಲಿ ಮಾಡಿ ಅಂಟಿಸುತ್ತಾರೆ. ಸುರುಳಿ ಸ್ಪ್ರಿಂಗಿನ ಚಾಸಿ ಹಾಕಿದರೆ ಈ ಪಾಡೆಲ್ಲ ಇಲ್ಲ, ಕಲ್ಲನ್ನೂ ಚೆನ್ನಾಗಿ ಹತ್ತುತ್ತದೆ. ಆದರೂ ಜಿಪ್ಸಿಯ ಕೆಳಗೆ ಬಗ್ಗಿ ನೋಡಿದಾಗ ಸುರುಳಿ ಸ್ಪ್ರಿಂಗು ಕಂಡರೆ ನನ್ನ ಮಟ್ಟಿಗೆ ಅದು ಮೋಸ. ತಮಿಯಾದ ಹಳೆಯ ಸಿಸಿ-01 ಚಾಸಿಯ ಚಕ್ರಾಂತರ 242 ಮಿ.ಮೀ., ಜಿಪ್ಸಿಗೆ ಬಹಳ ಹತ್ತಿರ; ಆದರೆ ಅದರ ಮುಂದಿನ ಚಕ್ರಗಳು ಬಿಡಿಬಿಡಿಯಾಗಿ ಅಲುಗುತ್ತವೆ, ಜಿಪ್ಸಿಯ ಗಟ್ಟಿ ಆಕ್ಸಲ್ ಅಲ್ಲಿಲ್ಲ. ಅಳತೆ ಸರಿ, ಅಂಗರಚನೆ ತಪ್ಪು.

ಟಯರಿನ ವಿಷಯದಲ್ಲಿ ಅದೃಷ್ಟ ತುಸು ಒಲಿಯುತ್ತದೆ. ಈ ಗಾಡಿಗಳ ರಿಮ್ಮುಗಳು 1.9 ಇಂಚು, 1.55 ಇಂಚು ಎಂಬ ಅಳತೆಗಳಲ್ಲಿ ಬರುತ್ತವೆ. ಹತ್ತರಿಂದ ಗುಣಿಸಿ ನೋಡಿ: 1.9 ಎಂದರೆ 19 ಇಂಚು, ಹೊಸ ಥಾರಿನ 18 ಇಂಚಿಗೆ ನಡೆಯುತ್ತದೆ, 1.55 ಎಂದರೆ ಹದಿನೈದೂವರೆ, ಜಿಪ್ಸಿಯ 15 ಇಂಚಿಗೆ ಹೇಳಿ ಮಾಡಿಸಿದ್ದು. ಟಯರಿನೊಳಗೆ ಗಾಳಿಯ ಬದಲು ಫೋಮಿನ ಉಂಗುರ, ಹೊರಗೆ ಅಂಟುಅಂಟಾದ ಮೆತ್ತನೆಯ ರಬ್ಬರು. ಇಷ್ಟು ಹಗುರ ಗಾಡಿಯ ಕೆಳಗೆ ಸಾಧಾರಣ ರಬ್ಬರು ಕಲ್ಲಿಗೆ ಒಗ್ಗಿ ಮಡಿಸಿಕೊಳ್ಳುವುದಿಲ್ಲ.

ವಿದ್ಯುತ್ತಿನ ಭಾಗ ಅಷ್ಟೇನೂ ಕಷ್ಟದ್ದಲ್ಲ. 540 ಗಾತ್ರದ ಬ್ರಷ್ ಮೋಟಾರು, ಒಳಗೆ ತಂತಿಯ ಸುತ್ತು ಹೆಚ್ಚಿರುವಂಥದ್ದು. ಸುತ್ತು ಹೆಚ್ಚಿದಷ್ಟೂ ವೇಗ ಕಡಿಮೆ, ಎಳೆಯುವ ಬಲ ಹೆಚ್ಚು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವ ವೇಗ ನಿಯಂತ್ರಕ, ಸ್ಟೇರಿಂಗಿಗೆ ಬಲವಾದ ಸರ್ವೊ, 2.4 ಗಿಗಾಹರ್ಟ್ಸ್ ರೇಡಿಯೊ. 7.4 ವೋಲ್ಟಿನ ಲೀಥಿಯಂ ಪಾಲಿಮರ್ ಬ್ಯಾಟರಿಯ ಬಗ್ಗೆ ಮಾತ್ರ ಎಚ್ಚರ ಬೇಕು: ಪ್ರತಿ ಸೆಲ್ 3 ವೋಲ್ಟಿಗಿಂತ ಕೆಳಗಿಳಿಯಬಾರದು, ಉಬ್ಬಿದ್ದನ್ನು ಬಳಸಬಾರದು, ಚಾರ್ಜಿಗೆ ಹಾಕಿ ಮಲಗಬಾರದು. ಬಿಡಿಭಾಗಗಳಲ್ಲಿ ತಂತಿ, ಕನೆಕ್ಟರು, ಎಲ್‌ಇಡಿಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಸಾಕು, ಆಕ್ಸಲ್, ಗೇರ್‌ಬಾಕ್ಸ್ ಹೊರದೇಶದಿಂದ ಬರಬೇಕು, ಸುಂಕವೂ ಸೇರಿ ಕೈ ಸುಡುತ್ತದೆ. ಡಬ್ಲ್ಯುಪಿಎಲ್, ಎಂಎನ್ ಎಂಬ ಹೆಸರಿನ ಅಗ್ಗದ ಚೀನೀ ಗಾಡಿಯೊಂದನ್ನು ಬಿಚ್ಚಿ ಅದರ ಆಕ್ಸಲ್ಲುಗಳಿಂದ ಆರಂಭಿಸುವುದು ಹೊಸಬರಿಗೆ ಒಳ್ಳೆಯ ದಾರಿ.

ಇಷ್ಟಾದರೂ ಇದು ಇನ್ನೂ ಯಾರದೋ ಜಿಪ್ಸಿ. ಅದು ನಿಮ್ಮದಾಗುವುದು ಗಾಯಗಳಿಂದ. ಗೇಟಿಗೆ ತಾಗಿ ತಗ್ಗಾದ ಹಿಂದಿನ ಮೂಲೆಯನ್ನು ಮಾಡಲು ಹಾಳೆಯನ್ನು ಒಳಗಿನಿಂದ ಕೆರೆದು ತೆಳುಮಾಡಿ, ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಚಮಚದ ಬೆನ್ನಿನಿಂದ ಒತ್ತುತ್ತಾರೆ. ಬೇರೆ ಗಾಡಿಯಿಂದ ತಂದು ಹಾಕಿದ ಬಣ್ಣ ಹೊಂದದ ಬಾಗಿಲು, ಗಾಜಿನ ಮೇಲಿನ ಮನೆದೇವರ ಹೆಸರು, ಒಂದು ಕಡೆಗೆ ವಾಲಿದ ನಂಬರ್ ಪ್ಲೇಟು, ಹಗ್ಗದಿಂದ ಬಿಗಿದ ಬಂಪರು ಯಾವುದನ್ನೂ ಬಿಡುವಂತಿಲ್ಲ. ಹುಡ್ಡಿಗೆ ನಿಜವಾದ ಕ್ಯಾನ್ವಾಸ್ ಹಾಕಿದರೆ ನೂಲು ಹಗ್ಗದಂತೆ ಕಾಣುತ್ತದೆ. ಸವೆದ ಹಳೆಯ ಪಂಚೆಯ ತುಂಡನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಚೌಕಟ್ಟಿನ ಮೇಲೆ ಒಣಗಿಸಿದರೆ ಮಡಿಕೆಗಳು ಸರಿಯಾಗಿ ಕೂರುತ್ತವೆ. ಬಣ್ಣವನ್ನೂ ಅಸಲಿಯದ್ದಕ್ಕಿಂತ ತುಸು ತಿಳಿಯಾಗಿ ಬೆರೆಸಬೇಕು. ಪುಟ್ಟ ವಸ್ತುವಿನ ಮೇಲೆ ಅದೇ ಬಣ್ಣ ಕಪ್ಪಾಗಿ ಕಾಣುತ್ತದೆ. ಮಲೆನಾಡಿನ ಕೆಂಪು ಕೆಸರಿಗೆ ಮಲೆನಾಡಿನ ಮಣ್ಣೇ ಬೇಕು, ಬಟ್ಟೆಯಲ್ಲಿ ಸೋಸಿದ ಹುಡಿ, ಹೊಳಪಿಲ್ಲದ ವಾರ್ನಿಷಿನಲ್ಲಿ ಕಲಸಿದ್ದು.

ಓಡಿಸುವಾಗ ಇನ್ನೊಂದು ವಿಚಿತ್ರ ಗಮನಕ್ಕೆ ಬರುತ್ತದೆ. ಎಷ್ಟು ಚೆನ್ನಾಗಿ ಕಟ್ಟಿದ್ದರೂ ಗಾಡಿ ಕಲ್ಲಿನಿಂದ ಇಳಿದಾಗ ಆಟಿಕೆಯ ಹಾಗೆ ಪಟಪಟ ಕುಣಿಯುತ್ತದೆ. ಹತ್ತರಲ್ಲೊಂದು ಎತ್ತರದಿಂದ ಬೀಳಲು ಬೇಕಾದ ಕಾಲ ಅಸಲಿಯ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ, ಹತ್ತರ ವರ್ಗಮೂಲದ ಲೆಕ್ಕ. ಅದಕ್ಕೇ ಬಲ್ಲವರು ಮೊಬೈಲಿನಲ್ಲಿ ವೀಡಿಯೊ ತೆಗೆದು ಮೂರು ಪಟ್ಟು ನಿಧಾನವಾಗಿ ತೋರಿಸುತ್ತಾರೆ. ಆಗ ಎರಡು ಕಿಲೋದ ಗಾಡಿ ಟನ್ನಿನ ಗಾಡಿಯ ಗಾಂಭೀರ್ಯದಿಂದ ತೂಗಾಡುತ್ತದೆ.

ಇದೆಲ್ಲ ಯಾಕೆ, ಅಸಲಿ ಗಾಡಿಯೇ ಇರುವಾಗ ಎಂದು ಕೇಳುವವರಿದ್ದಾರೆ. ಅಸಲಿ ಗಾಡಿಗೆ ದೊಡ್ಡ ಟಯರು, ಎತ್ತರಿಸಿದ ಸ್ಪ್ರಿಂಗು ಹಾಕಲು ಕಾನೂನು ಬಿಡುವುದಿಲ್ಲ. ತಯಾರಕರ ವಿನ್ಯಾಸವನ್ನು ಬದಲಿಸಬಾರದೆಂಬ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿದೆ. ಮೀಸಲು ಅರಣ್ಯದೊಳಗೆ ಜೀಪು ನುಗ್ಗಿಸುವುದೂ ಅಪರಾಧವೇ, ಆಗಲೂಬೇಕು. ಹಿತ್ತಿಲ ಕಲ್ಲುಗುಡ್ಡೆಗೆ, ತೋಡಿನ ದಂಡೆಗೆ ಇವೆರಡರ ಭಯವಿಲ್ಲ. ಕೊಡಚಾದ್ರಿಯ ಜೀಪು ದಾರಿಯ ಕೊರಕಲುಗಳನ್ನು ನಾಲ್ಕು ಬುಟ್ಟಿ ಮಣ್ಣಿನಲ್ಲಿ ಮನೆಯ ಹಿಂದೆಯೇ ಮಾಡಿಕೊಳ್ಳಬಹುದು.

ಇನ್ನೊಂದು ಕಾರಣವೂ ಇದೆ, ಅದು ಹೆಚ್ಚು ತೂಕದ್ದು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ಮರುನೋಂದಣಿಯ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಬಿಡಿಭಾಗಗಳು ಸಿಗುವುದೂ ಕಷ್ಟವಾಗುತ್ತಿದೆ. ಅನೇಕ ಹಳೆಯ ಜಿಪ್ಸಿಗಳು, ಜೀಪುಗಳು ಮನೆ ಬಿಡುವ ಕಾಲ ಇದು. ನಿಮ್ಮ ಮನೆಯದನ್ನೂ ಮಾರುವ ಯೋಚನೆಯಿದ್ದರೆ, ಪ್ರತಿರೂಪ ಕಟ್ಟುವುದು ಇವತ್ತಿಗೆ ಆಗದಿದ್ದರೂ, ಕೊಳ್ಳುವವನು ಬರುವ ಮೊದಲು ಒಂದು ಮಧ್ಯಾಹ್ನ ಟೇಪು ಹಿಡಿದು ಅಂಗಳಕ್ಕೆ ಇಳಿಯಿರಿ. ಚಕ್ರಾಂತರ, ಬಾಗಿಲಿನ ಅಗಲ, ಗಾಜಿನ ಓರೆ, ಪ್ರತಿ ತಗ್ಗಿನ ಜಾಗ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು, ನಾಲ್ಕೂ ಕಡೆಯಿಂದ ದೂರ ನಿಂತು ಫೋಟೊ ತೆಗೆದಿಡಿ. ಕಂಪನಿಯ ಅಳತೆಗಳು ಯಾವಾಗ ಬೇಕಾದರೂ ಸಿಗುತ್ತವೆ, ನಿಮ್ಮ ಗಾಡಿಯವು ಗಾಡಿ ಹೋದ ಮೇಲೆ ಸಿಗುವುದಿಲ್ಲ.